ಬಿಗಿ ಚಡ್ಡಿ, ಬೋಳು ಸೈಕಲ್, ಸೋದರತ್ತೆ

ಐವತ್ತೆಂಟು ವರ್ಷದ ಮನುಷ್ಯ ಬಿಗಿ ಚಡ್ಡಿ ಹಾಕಿಕೊಂಡು ಬೆಳ್ಳಂಬೆಳಗ್ಗೆ ಜಯನಗರದ ರಸ್ತೆಗಿಳಿದರೆ ನಗುವಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬೀದಿನಾಯಿಗಳ ಜೊತೆ ಸೇರಿಕೊಂಡು ಅಟ್ಟಿಸಿಕೊಂಡು ಬರುತ್ತವೆ.

ನಾನು ಹಲ್ಲಿನ ಡಾಕ್ಟರು. ಮನೆ ಜಯನಗರದಲ್ಲಿ, ಕ್ಲಿನಿಕ್ ಬನಶಂಕರಿಯಲ್ಲಿ. ಬೇರೆಯವರ ಬಾಯೊಳಗೆ ಬಗ್ಗಿ ಬಗ್ಗಿ ನೋಡಿ ಬೆನ್ನು ಬಾಗಿತ್ತು, ಹೊಟ್ಟೆ ಮುಂದೆ ಬಂದಿತ್ತು. ಅದನ್ನು ಕರಗಿಸೋಣ ಅಂತ ಓಡಲು ಶುರುಮಾಡಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಮ್ಮ ಕಡೆ ಐವತ್ತು ದಾಟಿದ ಗಂಡಸರಿಗೆ ಎರಡೇ ದಾರಿ. ಒಂದೋ ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ ಆಗಬೇಕು, ಇಲ್ಲವೇ ಟ್ರಯಥ್ಲಾನ್ ಮಾಡಬೇಕು. ಮೊದಲನೆಯದಕ್ಕೆ ಸ್ಪರ್ಧೆ ಜಾಸ್ತಿ ಇತ್ತು.

ಟ್ರಯಥ್ಲಾನ್ ಅಂದರೆ ಮೊದಲು ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಬೇಕು, ಇಳಿದ ಮೇಲೆ ಓಡಬೇಕು. ನಾನು ಆರಿಸಿಕೊಂಡದ್ದು ದೂರದ್ದು. ಕೆರೆಯಲ್ಲಿ ಎರಡು ಕಿಲೋಮೀಟರು, ಸೈಕಲ್ ಮೇಲೆ ತೊಂಬತ್ತು, ಆಮೇಲೆ ಅರ್ಧ ಮ್ಯಾರಥಾನು. ಇಷ್ಟು ಹೊತ್ತಿನೊಳಗೆ ಮುಗಿಸಬೇಕು ಅಂತ ಗಡುವು ಬೇರೆ ಇರುತ್ತದೆ. ಹೋದ ವರ್ಷ ನನಗೆ ಸೈಕಲ್ಲಿನಲ್ಲೇ ಗಡುವು ದಾಟಿತು. ಕಾರ್ಯಕರ್ತರು ನನ್ನನ್ನೂ ಸೈಕಲ್ಲನ್ನೂ ಒಟ್ಟಿಗೆ ಟೆಂಪೋಗೆ ಹತ್ತಿಸಿ, ಪಾಲಿಕೆಯವರು ಬೀಡಾಡಿ ದನ ಹಿಡಿದುಕೊಂಡು ಬರುವ ಹಾಗೆ ಕರೆತಂದು ಇಳಿಸಿದರು. ಸಂಜೆಯೊಳಗೆ ನಮ್ಮ ರಸ್ತೆಗೆಲ್ಲ ಸುದ್ದಿ ಮುಟ್ಟಿತ್ತು. ತರಕಾರಿ ಅಂಗಡಿಯಲ್ಲಿ ನಿಂತರೆ ಹಿಂದಿನಿಂದ “ಮುಗಿಸ್ಲಿಲ್ವಂತೆ” ಅನ್ನುವ ಪಿಸುಮಾತು. ನಿಜ ಹೇಳುತ್ತೇನೆ, ತುಂಬಾ ಅವಮಾನವಾಗಿತ್ತು.

ಹೆಂಡತಿ ಪಿಸುಗುಟ್ಟುವವಳಲ್ಲ. ಸೈಕಲ್ ಇಡಲು ಹಾಲಿನಲ್ಲಿದ್ದ ಅವಳ ವೀಣೆಯನ್ನು ಮಂಚದ ಕೆಳಗೆ ತಳ್ಳಿದ್ದೆ. ಅದರ ಸಿಟ್ಟೂ ಸೇರಿತ್ತು. “ಇನ್ನೊಂದೇ ಒಂದು ಸಲ. ಮುಗಿಸ್ಕೊಂಡು ಬನ್ನಿ, ಇಲ್ಲಾ ಸೈಕಲ್ ಅಲ್ಲೇ ಯಾರಿಗಾದ್ರೂ ಕೊಟ್ಟು ಬನ್ನಿ” ಅಂದಳು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನಡೆದದ್ದು ಇಷ್ಟು.

೧. ಮುಂದಿನ ತಿಂಗಳು ಬೇಡ

ಅಭ್ಯಾಸ ಜೋರಾದ ಮೇಲೆ ಹೊಟ್ಟೆ ಕರಗಿತು. ಅಲ್ಲಿಗೇ ನಿಲ್ಲದೆ ಕೆನ್ನೆಯೂ ಕರಗಿತು. ಅಂಗಿಯ ಕಾಲರಿನೊಳಗೆ ಕತ್ತು ಅತ್ತಿತ್ತ ಓಡಾಡತೊಡಗಿತು. ಕನ್ನಡಿಯಲ್ಲಿ ನೋಡಿಕೊಂಡು ನಾನು ಖುಷಿಪಡುತ್ತಿದ್ದೆ. ಊರು ಬೇರೆಯೇ ಲೆಕ್ಕ ಹಾಕುತ್ತಿತ್ತು.

ಮೊದಲು ಕೇಳಿದವರು ಮೇಲಿನ ಮನೆಯ ಆಂಟಿ. ಲಿಫ್ಟಿನಲ್ಲಿ ನನ್ನನ್ನು ಕೇಳದೆ, ನನ್ನೆದುರಿಗೇ ನನ್ನ ಹೆಂಡತಿಯ ಕೈ ಹಿಡಿದು “ಧೈರ್ಯವಾಗಿರಿ, ಈಗೆಲ್ಲಾ ಒಳ್ಳೇ ಟ್ರೀಟ್‌ಮೆಂಟ್ ಇದೆ” ಅಂದರು. ಔಷಧಿ ಅಂಗಡಿಯವರು “ಶುಗರ್ರಾ ಸಾರ್?” ಅಂತ ಮೆಲ್ಲಗೆ ಕೇಳಿದರು. ಇಲ್ಲ ಅಂದರೆ, ಹಾಗಾದರೆ ಅದಕ್ಕಿಂತ ದೊಡ್ಡದೇ ಇರಬೇಕು ಅನ್ನುವ ಹಾಗೆ ಮುಖ ಮಾಡಿದರು.

ನನ್ನ ಹಳೇ ಪೇಷಂಟ್ ಒಬ್ಬರಿದ್ದಾರೆ, ರಿಟೈರ್ಡ್ ಹೆಡ್‌ಮಾಸ್ಟರು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವರು ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದರು. ಬಾಯಿಂದ ಹತ್ತಿ ತೆಗೆದ ಕೂಡಲೇ “ಏನು ಡಾಕ್ಟ್ರೇ, ಹಿಂಗಾಗಿಬಿಟ್ರಿ?” ಅಂದರು.

“ಏನಿಲ್ಲ ಸಾರ್, ಟ್ರಯಥ್ಲಾನ್‌ಗೆ ತಯಾರಿ.”

ಆ ಹೆಸರಿನ ಕಾಯಿಲೆ ಅವರು ಕೇಳಿರಲಿಲ್ಲ ಅಂತ ಕಾಣುತ್ತದೆ. ಕಣ್ಣು ತುಂಬಿ ಬಂತು. ನನ್ನ ಕೈ ಮೇಲೆ ಕೈಯಿಟ್ಟರು. ಮೂವತ್ತು ವರ್ಷದಿಂದ ನನ್ನ ಹತ್ತಿರವೇ ಬರುತ್ತಿರುವವರು, ಎಷ್ಟು ಪ್ರೀತಿ ನೋಡಿ ಅಂದುಕೊಂಡೆ. ಅವರು ನಿಧಾನವಾಗಿ ಎದ್ದು ಕೂತು ಹೇಳಿದರು.

“ಹಾಗಾದ್ರೆ ನನ್ನ ರೂಟ್ ಕೆನಾಲ್ ಈ ವಾರಾನೇ ಮುಗಿಸಿಬಿಡಿ ಡಾಕ್ಟ್ರೇ. ಮುಂದಿನ ತಿಂಗಳು ಅಂತ ಇಟ್ಕೊಳ್ಳೋದು ಬೇಡ.”

೨. ನೀರಿನೊಳಗಿನ ಕಟ್ಟೆ

ನಾನು ಈಜು ಅಭ್ಯಾಸ ಮಾಡುವ ಕೊಳದಲ್ಲಿ ಬೆಳಗಿನ ಬ್ಯಾಚು ಪೂರ್ತಿ ಹಿರಿಯ ನಾಗರಿಕರದ್ದು. ಅವರಲ್ಲಿ ಯಾರೂ ಈಜುವುದಿಲ್ಲ. ಎದೆಮಟ್ಟ ನೀರಿನಲ್ಲಿ ವೃತ್ತಾಕಾರವಾಗಿ ನಿಂತು ಮಾತಾಡುತ್ತಾರೆ. ಮೆಟ್ರೋ ಯಾವಾಗ ಬರುತ್ತೆ, ಕೊಬ್ಬರಿ ಎಣ್ಣೆ ಒಳ್ಳೆಯದೋ ಕೆಟ್ಟದ್ದೋ, ಯಾರ ಸೊಸೆ ಅಡುಗೆಯವಳನ್ನಿಟ್ಟಳು, ಎಲ್ಲವೂ ಅಲ್ಲೇ ತೀರ್ಮಾನ. ಮಧ್ಯದಲ್ಲಿ ನಾನೊಬ್ಬ ಅತ್ತಿಂದಿತ್ತ ಈಜುತ್ತಿದ್ದೆ.

“ಸ್ವಲ್ಪ ಜಾಗ ಬಿಡಿ ಸಾರ್” ಅಂದರೆ “ಸುತ್ತು ಹಾಕ್ಕೊಂಡು ಹೋಗಿ ಡಾಕ್ಟ್ರೇ, ನಿಮಗೂ ದೂರ ಜಾಸ್ತಿ ಆಗುತ್ತೆ” ಅನ್ನುತ್ತಿದ್ದರು. ಅದೂ ಸರಿಯೇ.

ಒಂದು ದಿನ ಉಸಿರು ಕಟ್ಟಿ ಈಜುತ್ತಿದ್ದಾಗ ಯಾರೋ ಕಾಲು ಹಿಡಿದು ಎಳೆದರು. ಮುಳುಗಿದೆ. ನೀರು ಕುಡಿದು ಮೇಲೆದ್ದು ನೋಡಿದರೆ ಎದುರಿಗೆ ಅಗಲವಾಗಿ ತೆರೆದ ಬಾಯಿ. ಒಬ್ಬರು ಬೆರಳಿನಿಂದ ಕೆನ್ನೆ ಎಳೆದು ಹಿಡಿದು “ಹಿಂದುಗಡೆ, ಎಡಗಡೆ. ಐಸ್‌ಕ್ರೀಂ ತಿಂದ್ರೆ ಜುಂ ಅನ್ನುತ್ತೆ. ಏನದು?” ಅಂದರು. ಏನು ಮಾಡಲಿ, ವೃತ್ತಿಧರ್ಮ. ಈಜುಗನ್ನಡಕ ಮೇಲಕ್ಕೆ ಸರಿಸಿ ಬಗ್ಗಿ ನೋಡಿದೆ. “ಕ್ಯಾಪ್ ಹಾಕಿಸ್ಬೇಕು, ಕ್ಲಿನಿಕ್ಕಿಗೆ ಬನ್ನಿ” ಅಂದೆ.

ಮರುದಿನ ಕೊಳಕ್ಕಿಳಿದರೆ ವೃತ್ತ ಮಾಯವಾಗಿತ್ತು. ಅಬ್ಬ, ಕೊನೆಗೂ ಜಾಗ ಬಿಟ್ಟರಲ್ಲ ಅಂತ ಒಂದು ಸುತ್ತು ಈಜಿಕೊಂಡು ಆ ತುದಿ ಮುಟ್ಟಿದೆ. ಅಲ್ಲಿ ಗೋಡೆಗೆ ಒರಗಿ ನಾಲ್ಕು ಜನ ಸಾಲಾಗಿ ಬಾಯಿ ತೆರೆದುಕೊಂಡು ನಿಂತಿದ್ದರು. ಮೊದಲನೆಯವರು ಪಕ್ಕದವರಿಗೆ ಹೇಳುತ್ತಿದ್ದರು, “ಇಲ್ಲಿ ಫೀಸ್ ತಗೊಳ್ಳಲ್ಲ.”

೩. ಏನೂ ಇಲ್ಲದ್ದರ ಬೆಲೆ

ಭಾನುವಾರ ಸೈಕಲ್ಲು. ಜೆಪಿ ನಗರ ದಾಟಿ ಕನಕಪುರ ರಸ್ತೆ ಹಿಡಿದು ತಲಘಟ್ಟಪುರದಾಚೆಗೆ ಹೋಗುವ ಗುಂಪುಗಳು ಬೇಕಾದಷ್ಟಿವೆ. ನಾನು ಸೇರಿದ ಗುಂಪಿನವರು ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿ ತಲಘಟ್ಟಪುರದವರೆಗೆ ತರುತ್ತಿದ್ದರು, ಅಲ್ಲಿಂದ ತಟ್ಟೆ ಇಡ್ಲಿ ಹೋಟೆಲಿನವರೆಗೆ ತುಳಿಯುತ್ತಿದ್ದರು, ಇಡ್ಲಿ ತಿಂದ ಮೇಲೆ ಬಿಸಿಲು ಜಾಸ್ತಿ ಆಯಿತು ಅಂತ ವಾಪಸಾಗುತ್ತಿದ್ದರು. ತುಳಿದದ್ದಕ್ಕಿಂತ ಫೋಟೊ ತೆಗೆದದ್ದು ಹೆಚ್ಚು. ಅವರ ಸಹವಾಸ ಬಿಟ್ಟು ನಾನೊಬ್ಬನೇ ಹೋಗತೊಡಗಿದೆ.

ಹಾಗೆ ಒಬ್ಬನೇ ಹೋಗುವಾಗ ಒಂದು ದಿನ ಟ್ಯೂಬು ತೂತಾಯಿತು. ರಸ್ತೆ ಪಕ್ಕ ಚಕ್ರ ಬಿಚ್ಚಿಕೊಂಡು ಕೂತಿದ್ದೆ. ಬಿಳಿ ಪಂಚೆ ಉಟ್ಟು, ಬೆರಳಿಗೆಲ್ಲ ಉಂಗುರ ಹಾಕಿದ್ದ ಯಜಮಾನರೊಬ್ಬರು ಸ್ಕೂಟರ್ ನಿಲ್ಲಿಸಿದರು. ಉತ್ತರಹಳ್ಳಿಯವರಂತೆ. ಹಿಂದೆ ಹೊಲವಿದ್ದ ಕಡೆ ಈಗ ಮೂರು ಕಟ್ಟಡದ ಬಾಡಿಗೆ ಬರುತ್ತದೆ ಅಂತ ತಾವಾಗಿಯೇ ಹೇಳಿದರು. ಸೈಕಲ್ಲನ್ನು ಒಂದು ಬೆರಳಲ್ಲಿ ಎತ್ತಿ ನೋಡಿ “ಏನಣ್ಣ ಇದು, ತೂಕವೇ ಇಲ್ಲ. ಎಷ್ಟು ಕೊಟ್ರಿ?” ಅಂದರು.

ಹೆಂಡತಿಗೆ ಹೇಳಿದ್ದ ಬೆಲೆಯ ಬದಲು, ಬಾಯಿತಪ್ಪಿ, ನಿಜವಾದ ಬೆಲೆ ಹೇಳಿಬಿಟ್ಟೆ. ಅವರು ಸ್ಕೂಟರ್ ಆಫ್ ಮಾಡಿ ಇಳಿದು ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದರು.

“ಸ್ಟ್ಯಾಂಡ್ ಇಲ್ಲ?”

“ಇಲ್ಲ.”

“ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ಲೂ ಇಲ್ಲ?”

“ಇದಕ್ಕೆಲ್ಲಾ ಅದು ಬರಲ್ಲ ಸಾರ್. ಇಲ್ದೇ ಇರೋದ್ರಿಂದಾನೇ ರೇಟು.”

ಅವರು ಗೇಲಿ ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ. ಬಹಳ ಮೆಚ್ಚುಗೆಯಿಂದ ತಲೆಯಾಡಿಸಿದರು. “ಗೊತ್ತಾಯ್ತು ಬುಡಿ. ನಾವೂ ಲೇಔಟ್ ಮಾಡ್ದಾಗ ಹಂಗೇ ಮಾರಿದ್ದು. ನೀರಿರ್ಲಿಲ್ಲ, ರೋಡಿರ್ಲಿಲ್ಲ, ಕರೆಂಟಿರ್ಲಿಲ್ಲ. ನಿಮ್ಮಂತ ಓದಿದೋರೇ ನಾ ಮುಂದು ತಾ ಮುಂದು ಅಂತ ಬಂದು ತಗೊಂಡ್ರು.”

೪. ಕೋಚು

ಗಡುವಿನೊಳಗೆ ಮುಗಿಸಬೇಕಾದರೆ ಕೋಚ್ ಬೇಕು ಅಂತ ಎಲ್ಲರೂ ಹೇಳಿದರು. ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿರುವ ಹುಡುಗ ಸಿಕ್ಕಿದ. ನನ್ನ ಮಗಳಿಗಿಂತ ಚಿಕ್ಕವನು. ಎಲ್ಲ ಫೋನಿನಲ್ಲೇ. ದಿನಾ ಮಧ್ಯಾಹ್ನ ಎದ್ದು, ನಾನು ಬೆಳಗ್ಗೆ ಐದಕ್ಕೆ ಏನು ಮಾಡಬೇಕಾಗಿತ್ತು ಅಂತ ವಾಯ್ಸ್ ಮೆಸೇಜ್ ಕಳಿಸುತ್ತಿದ್ದ.

“ಅಂಕಲ್, ನಿಮ್ಮ ಬಾಡಿ ಏನ್ ಹೇಳುತ್ತೆ ಕೇಳಿಸ್ಕೊಳ್ಳಿ” ಅನ್ನುವುದು ಅವನ ಮಂತ್ರ. ನನ್ನ ಬಾಡಿ ಮೂರು ವರ್ಷದಿಂದ ಹೇಳುತ್ತಿದ್ದದ್ದು ಒಂದೇ, ಮಲಗು ಅಂತ.

ಆದರೂ ಅವನು ಹೇಳಿದ್ದೆಲ್ಲ ಮಾಡಿದೆ. ರಾಗಿಮುದ್ದೆ ಬಿಟ್ಟೆ, ಅವನೇ ಹೇಳಿದ ಮೇಲೆ ಮತ್ತೆ ಹಿಡಿದೆ. ಬೆಳಗ್ಗೆ ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತೆ. ಓಡುವಾಗ ಶಕ್ತಿ ಬರಲಿ ಅಂತ ಜೆಲ್ ಹೀರು ಅಂದ. ಜೆಲ್ ಅಂದರೆ ಪ್ಯಾಕೆಟ್ಟಿನಲ್ಲಿ ತುಂಬಿದ ಸಕ್ಕರೆ ಪಾಕ. ಒಂದು ದಿನ ಪಾರ್ಕಿನ ಪಕ್ಕ ನಿಂತು ಮೂರನೇ ಪ್ಯಾಕೆಟ್ಟನ್ನು ಹಿಂಡಿ ಹಿಂಡಿ ಹೀರುತ್ತಿದ್ದಾಗ ಪೇಷಂಟ್ ಒಬ್ಬಾಕೆ ನೋಡಿಬಿಟ್ಟರು. ಹಿಂದಿನ ದಿನವಷ್ಟೇ ಅವರಿಗೆ ಕಾಫಿಗೆ ಸಕ್ಕರೆ ಬಿಡಿ ಅಂತ ಅರ್ಧ ಗಂಟೆ ಭಾಷಣ ಮಾಡಿದ್ದೆ. ಆಕೆ ಹತ್ತಿರ ಬಂದರು. “ಹಲ್ಲು ಉಜ್ಕೊಂಡ್ಬಿಡಿ ಡಾಕ್ಟ್ರೇ” ಅಂತ ಹೇಳಿ ವಾಕಿಂಗ್ ಮುಂದುವರಿಸಿದರು.

ಸ್ಪರ್ಧೆಗೆ ವಾರವಿದ್ದಾಗ ಕೆರೆಯ ಈಜಿನ ಬಗ್ಗೆ ಭಯವಾಗಿ ಕೋಚಿಗೆ ಫೋನ್ ಮಾಡಿದೆ. “ನೀನು ಮೊದಲ ಸಲ ಕೆರೆಗಿಳಿದಾಗ ಹೆಂಗಿತ್ತಪ್ಪಾ?”

“ನಾನಾ? ನಂದೆಲ್ಲಾ ಥಿಯರಿ ಅಂಕಲ್” ಅಂದ. “ನೀರು ಅಂದ್ರೆ ನಂಗೆ ಸಖತ್ ಭಯ.”

೫. ನಿಂಬೆಹಣ್ಣು

ಈಗ ಸೋದರತ್ತೆಯ ವಿಷಯಕ್ಕೆ ಬರಬೇಕು. ಸೋದರತ್ತೆ ಅಂದರೆ ನಮ್ಮಪ್ಪನ ಅಕ್ಕ. ಬಸವನಗುಡಿಯಲ್ಲಿದ್ದಾರೆ, ಎಂಬತ್ತು ದಾಟಿದೆ. ನಮ್ಮ ಮನೆಯ ಮದುವೆ, ಮುಂಜಿ, ಗೃಹಪ್ರವೇಶಗಳಲ್ಲಿ ಪುರೋಹಿತರು ಮಂತ್ರ ಹೇಳಿ ಒಮ್ಮೆ ಇವರ ಮುಖ ನೋಡುತ್ತಾರೆ, ಸರಿಯಾಯಿತೇ ಅಂತ. ಹೋದ ವರ್ಷ ನಾನು ಯಾಕೆ ಸೋತೆ ಅಂತ ಕೋಚು, ಡಾಕ್ಟರು, ಗೆಳೆಯರು ಎಲ್ಲ ತಲೆ ಕೆಡಿಸಿಕೊಂಡಿದ್ದರು. ಅತ್ತೆ ಆಯುಧಪೂಜೆಗೆ ಬಂದವರು ಕೂರುವ ಮೊದಲೇ ಕಾರಣ ಹೇಳಿದರು.

“ಹೊರಡುವಾಗ ಸೈಕಲ್ಲಿಗೆ ಪೂಜೆ ಇಲ್ಲ, ಬಂದಮೇಲೆ ನಿನಗೆ ಆರತಿ ಇಲ್ಲ. ಹೆಂಗೋ ಮುಗಿಯತ್ತೆ?”

“ಮುಗಿಸಿದ್ರೆ ತಾನೇ ಅತ್ತೆ ಆರತಿ?”

“ಆರತಿಗೆ ಯಾರೂ ಇಲ್ಲ ಅಂತ ಗೊತ್ತಿದ್ರೆ ಕಾಲು ಯಾಕೆ ಮುಂದೆ ಬರತ್ತೆ?”

ಸೈಕಲ್ಲನ್ನು ಕೆಳಗಿಳಿಸಿದೆ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಕಾರು, ಸ್ಕೂಟರುಗಳ ಸಾಲಿನಲ್ಲಿ ನನ್ನ ಸೈಕಲ್ಲೂ ನಿಂತಿತು. ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ, ಹ್ಯಾಂಡಲ್ಲಿನ ಎರಡೂ ಕಡೆ ಪುಟ್ಟ ಬಾಳೆಕಂದು. ಬೂದುಗುಂಬಳ ಒಡೆದಾಯಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಅತ್ತೆ “ಹತ್ತಿಸು” ಅಂದರು.

ಕಾರಾದರೆ ನಿಂಬೆಹಣ್ಣು ಪಚಕ್ ಅನ್ನುತ್ತದೆ. ನನ್ನದು ಬೆರಳಗಲದ ಟೈರು. ಮೇಲಾಗಿ ಆ ಸೈಕಲ್ಲಿನಲ್ಲಿ ಬೂಟು ಪೆಡಲಿಗೆ ಕಚ್ಚಿಕೊಂಡಿರುತ್ತದೆ, ಬಿಡಿಸಿಕೊಳ್ಳಲು ಹಿಮ್ಮಡಿ ತಿರುಗಿಸಬೇಕು. ಬರಿಗಾಲಲ್ಲಿ ಹತ್ತಬಹುದಿತ್ತು, ಆದರೆ ಇಡೀ ಅಪಾರ್ಟ್‌ಮೆಂಟ್ ನೋಡುತ್ತಿದೆಯಲ್ಲ ಅಂತ ಬೂಟು ಹಾಕಿಕೊಂಡು ಠೀವಿಯಿಂದ ಹತ್ತಿದ್ದೆ. ಚಕ್ರ ಹಣ್ಣಿನ ಮೇಲೆ ಹತ್ತಲಿಲ್ಲ. ಹಣ್ಣು ಜಾರಿತು, ಅದರ ಹಿಂದೆ ಚಕ್ರ ಜಾರಿತು. ಹಿಮ್ಮಡಿ ತಿರುಗಿಸುವುದು ನೆನಪಾದಾಗ ನಾನು ಆಗಲೇ ಬೂದುಗುಂಬಳದ ಹೋಳುಗಳ ಮೇಲೆ ಮಲಗಿದ್ದೆ, ಸೈಕಲ್ಲು ನನ್ನ ಮೇಲೆ, ಹಾರ ನನ್ನ ಕೊರಳಲ್ಲಿ. ನಿಂಬೆಹಣ್ಣು ಒಂದು ಗೀರೂ ಇಲ್ಲದೆ ಉರುಳಿಕೊಂಡು ಸೆಕ್ರೆಟರಿಯ ಕಾರಿನ ಕೆಳಗೆ ಹೋಯಿತು.

ಎಲ್ಲರೂ ಓಡಿಬಂದರು. ಅತ್ತೆ ಒಬ್ಬರೇ ನಿಂತಲ್ಲೇ ನಿಂತು ಸಮಾಧಾನದ ಉಸಿರು ಬಿಟ್ಟರು.

“ಒಳ್ಳೇದೇ ಆಯ್ತು. ಬೀಳೋದೆಲ್ಲಾ ಇಲ್ಲೇ ಬಿದ್ದು ಮುಗೀತು.”

೬. ಹೊಸಿಲು

ಸ್ಪರ್ಧೆಯ ದಿನ ಹೆಂಡತಿ ಬಂದಳು, ಸೋತರೆ ಸೈಕಲ್ ಕೊಡುವುದಕ್ಕೆ ಸಾಕ್ಷಿಯಾಗಿ. ಅತ್ತೆಯೂ ಬಂದರು, ಹಿತ್ತಾಳೆ ತಟ್ಟೆ, ಹೂಬತ್ತಿ, ತುಪ್ಪ ಮತ್ತು ಪ್ಲಾಸ್ಟಿಕ್ ಬಾಟಲಿಯಲ್ಲಿ ಅರಿಶಿನ ಸುಣ್ಣ ಕದಡಿದ ಕೆಂಪು ಓಕುಳಿ ನೀರಿನ ಸಮೇತ. ಅದನ್ನು ನೋಡಿ ಓಟಗಾರನೊಬ್ಬ “ಆಂಟಿ, ಅದ್ಯಾವ ಫ್ಲೇವರ್?” ಅಂತ ಕೇಳಿದನಂತೆ.

ಕೆರೆ ಈಜಿದೆ. ಹೇಗೆ ಅಂತ ಕೇಳಬೇಡಿ, ಕೊನೆಯಿಂದ ಎರಡನೆಯವನಾಗಿ ಎದ್ದು ಬಂದೆ. ಸೈಕಲ್ಲನ್ನು ಗಡುವಿಗೆ ಮುಂಚೆಯೇ ಮುಗಿಸಿದೆ. ಹೋದ ವರ್ಷದ ಟೆಂಪೋ ಅದೇ ತಿರುವಿನಲ್ಲಿ ನಿಂತಿತ್ತು, ಅದರ ಡ್ರೈವರು ಗುರುತು ಹಿಡಿದು ಕೈ ಬೀಸಿದ. ಓಟ ಶುರುವಾದ ಮೇಲೆ ಬಿಸಿಲು ನೆತ್ತಿ ಸುಟ್ಟಿತು. ಓಟ ನಡಿಗೆಯಾಯಿತು, ನಡಿಗೆ ಕುಂಟಾಟವಾಯಿತು. ಕೊನೆಗೆ ಮುಕ್ತಾಯದ ಕಮಾನು ಕಣ್ಣಿಗೆ ಬಿದ್ದಾಗ ಬಲಗಾಲಿನ ಮೀನಖಂಡ ಹಿಡಿದುಕೊಂಡು ಕಲ್ಲಾಯಿತು. ಕಮಾನಿನ ಮೇಲೆ ದೊಡ್ಡ ಗಡಿಯಾರ. ಗಡುವಿಗೆ ಇನ್ನು ಕೆಲವೇ ನಿಮಿಷ. ಜನ ಹೆಚ್ಚುಕಡಿಮೆ ಖಾಲಿಯಾಗಿದ್ದರು. ದಾರಿಗೆ ಅಡ್ಡ ಬರುವವರನ್ನು ತಡೆಯಬೇಕಾದವರು ಊಟಕ್ಕೆ ಹೋಗಿದ್ದರು.

ನನ್ನ ಎಡಗಾಲಿಗೆ ಒಂದು ಪಟ್ಟಿ ಕಟ್ಟಿದ್ದರು. ಅದರಲ್ಲಿ ಚಿಪ್ ಇರುತ್ತದೆ. ಕಮಾನಿನ ಕೆಳಗೆ ಹಾಸಿದ ಚಾಪೆಯನ್ನು ಅದು ದಾಟಿದರೆ ಕೀ ಅನ್ನುತ್ತದೆ, ಆಗಲೇ ಮುಗಿಸಿದ ಲೆಕ್ಕ. ಎಡಗಾಲು ಸರಿಯಾಗಿಯೇ ಇತ್ತು. ಬಲಗಾಲನ್ನು ಎಳೆದುಕೊಂಡು ಚಾಪೆಯ ಅಂಚಿಗೆ ಬಂದೆ. ಎಡಗಾಲು ಎತ್ತಿದೆ.

“ನಿಲ್ಲು!”

ಎದುರಿಗೆ ಅತ್ತೆ. ಕೈಯಲ್ಲಿ ಓಕುಳಿ ತಟ್ಟೆ, ಉರಿಯುವ ಬತ್ತಿ. ದೂರದಿಂದ ಬಂದವರನ್ನು ಹೊಸಿಲಲ್ಲಿ ನಿಲ್ಲಿಸುವ ಹಾಗೆ ನನ್ನನ್ನು ಕಮಾನಿನ ಆಚೆ ನಿಲ್ಲಿಸಿದ್ದರು.

“ಅತ್ತೆ, ಟೈಮ್ ಆಗೋಯ್ತು, ಬಿಡಿ!”

“ಬೆಳಗ್ಗೆಯಿಂದ ಊರೆಲ್ಲಾ ಸುತ್ತಿದೀಯ, ಆಗ ಇತ್ತಲ್ಲ ಟೈಮು?” ಅನ್ನುತ್ತ ಆರತಿ ಎತ್ತಿದರು. ಹಾಡು ಶುರುವಾಯಿತು. ಮೈಕು ಹಿಡಿದ ಹುಡುಗ “ಅಜ್ಜಿ, ಪ್ಲೀಸ್, ಪಕ್ಕಕ್ಕೆ ಬನ್ನಿ, ಕ್ಲಾಕ್ ಓಡ್ತಿದೆ” ಅಂತ ಕೂಗಿದ. “ನೀನೂ ಹಾಡಪ್ಪ, ಬೇಗ ಮುಗಿಯತ್ತೆ” ಅಂದರು. ನಾಲ್ಕು ಸಾಲು ಪೂರ್ತಿ ಹಾಡಿದರು. ಬೊಟ್ಟಿಟ್ಟರು. ನಾನು ಮತ್ತೆ ಎಡಗಾಲು ಎತ್ತಿದೆ.

“ಎಡಗಾಲಾ? ಮುಗಿಸಿ ಬರ್ತಿದೀಯೋ, ಮುಳುಗಿಸೋಕೆ ಬರ್ತಿದೀಯೋ? ಬಲಗಾಲಿಟ್ಟು ಬಾ.”

“ಬಲಗಾಲು ಎತ್ತೋಕಾಗ್ತಿಲ್ಲ ಅತ್ತೆ!”

“ಪ್ರಯತ್ನ ಮಾಡು.”

ನಾನು ನಿಜವಾಗಿಯೂ ಪ್ರಯತ್ನ ಮಾಡಿದೆ. ಐವತ್ತೆಂಟು ವರ್ಷ, ಡಿಗ್ರಿ, ಕ್ಲಿನಿಕ್ಕು, ಎಲ್ಲ ಇದ್ದವನು, ಗಡುವು ಮುಗಿಯುತ್ತಿರುವಾಗ ಎರಡೂ ಕೈಯಲ್ಲಿ ಬಲಗಾಲನ್ನು ಹಿಡಿದು ಎತ್ತುತ್ತಿದ್ದೆ, ಯಾಕೆಂದರೆ ಸೋದರತ್ತೆ ಹೇಳಿದ್ದರು. ಮೈಕಿನ ಹುಡುಗ ಸೆಕೆಂಡು ಎಣಿಸತೊಡಗಿದ. ಮೂರು ವರ್ಷದ ಬೆವರು ಒಂದು ಚಾಪೆಯ ಆಚೆ ನಿಂತುಬಿಟ್ಟಿತಲ್ಲ ಅಂತ ಅಳು ಬಂತು.

ಆಗ ಹಿಂದಿನಿಂದ ಹೆಂಡತಿಯ ಕೂಗು ಕೇಳಿಸಿತು. “ರೀ, ಯಾವ್ದಾದ್ರೂ ಒಂದು ಕಾಲು ಇಡ್ರೀ!” ಮರುಕ್ಷಣವೇ ಎರಡೂ ಕೈಯಿಂದ ನನ್ನ ಬೆನ್ನಿಗೆ ಒಂದು ನೂಕು. ಸೈಕಲ್ ಬಿಟ್ಟು ಬನ್ನಿ ಅಂದವಳು, ವೀಣೆಗೋಸ್ಕರ ನಾನು ಸೋಲಲಿ ಅಂತ ಕಾಯುತ್ತಿದ್ದಾಳೆ ಅಂತ ನಾನು ಅಂದುಕೊಂಡಿದ್ದವಳು. ಆ ನೂಕು ಈಗಲೂ ಬೆನ್ನಿನ ಮೇಲೆ ಬೆಚ್ಚಗಿದೆ. ಓಟಗಾರನನ್ನು ಬೇರೆಯವರು ಮುಟ್ಟಬಾರದು ಅಂತ ನಿಯಮವಿದೆ. ಮೈಕಿನ ಹುಡುಗ ಆ ಹೊತ್ತಿಗೆ ಸರಿಯಾಗಿ ಆಕಾಶ ನೋಡಿದ. ಅವನಿಗೆ ಒಳ್ಳೆಯದಾಗಲಿ.

ನಾನು ಬೋರಲು ಬಿದ್ದೆ. ಅತ್ತೆಯ ತಟ್ಟೆ ತಲೆಯ ಮೇಲೆ ಮಗುಚಿಕೊಂಡು ಓಕುಳಿಯೆಲ್ಲ ಮುಖಕ್ಕೆ ಸುರಿಯಿತು, ಬತ್ತಿ ಪುಣ್ಯಕ್ಕೆ ಅದರಲ್ಲೇ ಆರಿತು. ಹಿಂದೆಯೇ ಚಾಪೆಯ ಮೇಲೆ ಎಳೆದುಕೊಂಡು ಬಂದ ಎಡಗಾಲಿನ ಚಿಪ್ ಕೀ ಅಂದಿತು. “ಫಿನಿಶರ್! ಫಿನಿಶರ್!” ಅಂತ ಮೈಕಿನ ಹುಡುಗ ಕುಣಿದ. ಮುಖದ ತುಂಬ ಕೆಂಪು ನೋಡಿ ಆಂಬುಲೆನ್ಸಿನ ಇಬ್ಬರು ಸ್ಟ್ರೆಚರ್ ಹಿಡಿದು ಓಡಿಬಂದರು. ಒಬ್ಬ ನನ್ನ ಹಣೆಗೆ ಬ್ಯಾಂಡೇಜು ಸುತ್ತುತ್ತಿದ್ದ, ಇನ್ನೊಬ್ಬ ಗಾಯ ಎಲ್ಲಿದೆ ಅಂತ ಹುಡುಕುತ್ತಿದ್ದ. ಹೆಂಡತಿ ಪಕ್ಕದಲ್ಲಿ ಕೂತು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಕೊರಳಿಗೆ ಪದಕ ಬಂತು. ಮುಗಿಸಿದ್ದೆ. ಕೊನೆಗೂ ಮುಗಿಸಿದ್ದೆ.

ಅತ್ತೆ ಬಗ್ಗಿ ಖಾಲಿ ತಟ್ಟೆ ಎತ್ತಿಕೊಂಡರು. ಸೆರಗಿನಲ್ಲಿ ಒರೆಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಯಾವ ಕಾಲೋ ಮೊದಲು ಬಂದಿದ್ದು? ನಾನು ನೋಡ್ಲಿಲ್ಲ.”

“ಕಾಲಲ್ಲ ಅತ್ತೆ. ಮೊದಲು ಬಂದಿದ್ದು ಮೂಗು.”

“ಮೂಗಿಗೆಲ್ಲಾ ಶಾಸ್ತ್ರ ಇಲ್ಲ” ಅಂದರು ಅತ್ತೆ. “ಏಳು. ಆಚೆ ಹೋಗಿ, ಬಲಗಾಲಿಟ್ಟು ಇನ್ನೊಂದ್ಸಲ ಬಾ.”